ಕೊಣನೂರಿನಲ್ಲಿ ಕೊಟ್ಟ ಮಾತು

೮ ಫೆಬ್ರವರಿ ೨೦೦೩, ಶನಿವಾರ, ಹಾಸನ

ಇವತ್ತಿನಿಂದ ಶನಿವಾರ ಮಧ್ಯಾಹ್ನಕ್ಕೆ ಹೊಸ ತರಗತಿ: ನೀತಿಶಾಸ್ತ್ರ. ಸಿವಿಲ್ ಇಂಜಿನಿಯರಿಂಗಿನ ಕೊನೇ ಸೆಮಿಸ್ಟರಿನವರಿಗೆ ಇದೆಲ್ಲ ಯಾಕೆ ಎಂದು ಹಿಂದಿನ ಬೆಂಚಿನವರು ಗೊಣಗಿದರು. ಪಾಠಕ್ಕೆ ಬಂದವರು ಜಯಲಕ್ಷ್ಮಮ್ಮ ಮೇಡಂ, ಬೇರೆ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಬೋರ್ಡಿನ ಮೇಲೆ ಮೂರೇ ಪದ ಬರೆದರು. ಕರ್ತವ್ಯ. ಫಲ. ಗುಣ.

"ಒಂದು ಕೆಲಸ ಸರಿಯೋ ತಪ್ಪೋ ಅಂತ ಕೇಳೋಕೆ ಇವು ಮೂರು ದಾರಿ. ಇದು ನನ್ನ ಕರ್ತವ್ಯವಾ? ಇದರಿಂದ ಯಾರ್ಯಾರಿಗೆ ಏನಾಗತ್ತೆ? ಇದನ್ನ ಮಾಡಿದ್ರೆ ನಾನು ಎಂಥವಳಾಗ್ತೀನಿ? ನಿಮ್ಮ ನಿಮ್ಮ ಪ್ರಾಜೆಕ್ಟ್ ಟೀಮಲ್ಲಿ ಏನಾದ್ರೂ ಜಗಳ ಬರತ್ತಲ್ಲ, ಅದನ್ನ ಈ ಮೂರರಲ್ಲೂ ಹಾಕಿ ನೋಡಿ ಒಂದು ಪ್ರಬಂಧ ಬರೀಬೇಕು. ಜಗಳವೇ ಇಲ್ಲದ ಟೀಮ್ ಇದ್ರೆ ಹೇಳಿ, ನಾನೇ ನೋಡೋಕೆ ಬರ್ತೀನಿ" ಎಂದರು.

ಎಲ್ಲರೂ ನಕ್ಕರು. ನನಗೆ ಮಾತ್ರ ನಿಜಕ್ಕೂ ಖುಷಿಯಾಯಿತು. ಅಳತೆ ಇರುವ ಸಂಗತಿಗಳೆಂದರೆ ನನಗೆ ಇಷ್ಟ.

ನಮ್ಮ ಟೀಮಿನಲ್ಲಿ ನಾಲ್ವರು. ನಾಯಕಿ ಮೇಘಶ್ರೀ, ಚನ್ನರಾಯಪಟ್ಟಣದವಳು, ಕ್ಲಾಸಿಗೇ ಮೊದಲು, ನನ್ನ ರೂಮ್‌ಮೇಟ್. ವಂಶಿ ಹಾಸನದವನೇ, ಮಾತುಗಾರ. ಅನಿಲ್‌ಕುಮಾರ್ ಕೊಣನೂರಿನ ಕಡೆಯವನು, ಮಾತೇ ಇಲ್ಲ. ನಾಲ್ಕನೆಯವಳು ನಾನು. ಮೊಸಳೆ ಎಂಬ ಊರಿನಿಂದಾಚೆ ಒಂದು ಹಳ್ಳಿಯಲ್ಲಿ ಮೇಲಿನ ಕೇರಿಗೆ ಟ್ಯಾಂಕಿನ ನೀರು ಹತ್ತುವುದಿಲ್ಲ. ನೆಲದ ಏರಿಳಿತ ಅಳೆದು ಹೊಸ ಪೈಪ್ ಲೈನಿಗೆ ನಕ್ಷೆ ಮಾಡುವುದು ನಮ್ಮ ಪ್ರಾಜೆಕ್ಟ್.

ನಮ್ಮಲ್ಲಿ ಜಗಳ ಬರಲಾರದು ಅನಿಸುತ್ತದೆ. ಮೇಘ ಹೇಳಿದಂತೆ ಎಲ್ಲರೂ ಕೇಳುತ್ತೇವೆ.

೧೬ ಫೆಬ್ರವರಿ, ಭಾನುವಾರ

ಬಂತು.

ಬೆಳಗಿನಿಂದ ಬಿಸಿಲಲ್ಲಿ ಲೆವೆಲಿಂಗ್ ಮಾಡುತ್ತಿದ್ದೆವು. ವಂಶಿ ಯಂತ್ರದ ಹತ್ತಿರ, ಅನಿಲ್‌ಕುಮಾರ್ ದೂರದಲ್ಲಿ ಅಳತೆಯ ಕೋಲು ಹಿಡಿದು. ಯಂತ್ರವನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸುವಾಗ ಕೋಲು ಹಿಡಿದವನು ಇದ್ದಲ್ಲಿಂದ ಅಲುಗಬಾರದು, ಅಲುಗಿದರೆ ಅಲ್ಲಿಯತನಕದ ಲೆಕ್ಕಕ್ಕೆ ಕೊಂಡಿ ಕಳಚಿದಂತೆ. ಇದು ಮೊದಲ ವರ್ಷದ ಪಾಠ. ದಿಬ್ಬದ ಈಚೆಯಿಂದ ವಂಶಿ "ಅಲ್ಲೇ ನಿಂತಿರೋ, ಕದಲಬೇಡ" ಎಂದು ಕೂಗುತ್ತಲೇ ಇದ್ದ. ಅನಿಲ್ ಕೋಲು ಹೆಗಲಿಗೆ ಹಾಕಿಕೊಂಡು ಆರಾಮವಾಗಿ ಮುಂದಕ್ಕೆ ನಡೆದುಬಿಟ್ಟ.

ಅರ್ಧ ದಿನದ ಕೆಲಸ ಹಾಳು. ವಂಶಿ ಅವನ ಮುಖದ ಹತ್ತಿರ ಹೋಗಿ ಬೈದ. "ಲೋ, ಕೂಗ್ತಾ ಇದೀನಿ, ಬೇಕೂ ಅಂತ ಹೋಗ್ತೀಯಲ್ಲೋ, ಅಷ್ಟು ಕೊಬ್ಬಾ?" ಅನಿಲ್ ಹಲ್ಲು ಕಿರಿದಂತೆ ಮಾಡಿದ. ಮೇಘಶ್ರೀಗೆ ಸಿಟ್ಟು ಬಂದದ್ದು ಆ ನಗುವಿಗೆ. ವಾಪಸ್ ಬರುವಾಗ ರೈಲಿನಲ್ಲಿ ಅವನು ಬೇರೆ ಡಬ್ಬಿಯಲ್ಲಿ ಕೂತ.

೨೫ ಫೆಬ್ರವರಿ, ಮಂಗಳವಾರ

ಅನಿಲ್ ಒಂದು ವಾರದಿಂದ ಕಾಲೇಜಿಗೆ ಬಂದಿಲ್ಲ. ಶನಿವಾರ ಮೇಘ ಎಸ್‌ಟಿಡಿ ಬೂತಿನಿಂದ ಅವನ ಮನೆಗೆ ಫೋನ್ ಮಾಡಿದಳು, ನಾನು ಪಕ್ಕದಲ್ಲೇ ಇದ್ದೆ. ಮೊದಲು ಅವನ ತಾಯಿ ತೆಗೆದುಕೊಂಡರು, ಆಮೇಲೆ ಅವನು. ಸೋಮವಾರ ಲ್ಯಾಬಿಗೆ ಬಾ, ಅಳತೆ ಬರೆದಿಟ್ಟ ಲೆವೆಲ್ ಪುಸ್ತಕ ತಗೊಂಡು ಬಾ ಅಂತ ಮೇಘ ಎರಡೆರಡು ಸಲ ಹೇಳಿದಳು. ಅವನು "ಆಯ್ತು, ಆಯ್ತು" ಎಂದನಂತೆ.

ಸೋಮವಾರ ಬರಲಿಲ್ಲ. ಇವತ್ತೂ ಇಲ್ಲ.

"ನಮ್ಮನ್ನ ಏನು ಅಂದ್ಕೊಂಡಿದಾನೆ ಅವನು? ಆಯ್ತು ಅಂತಾನೆ, ಬರಲ್ಲ. ಅವನ ಹೆಸರು ತೆಗೆಸ್ತೀನಿ ಕಣೇ" ಎಂದಳು ಮೇಘ. ಕೃಷ್ಣಪ್ಪ ಸರ್ ನಮ್ಮ ಗೈಡ್. ಅವರನ್ನು ಕೇಳಿದ್ದಕ್ಕೆ, ಉಳಿದ ಮೂವರೂ ಸಹಿ ಹಾಕಿ ಬರೆದುಕೊಟ್ಟರೆ ಮುಂದಕ್ಕೆ ಕಳಿಸುತ್ತೇನೆ, ಒಬ್ಬರ ಸಹಿ ಇಲ್ಲದಿದ್ದರೂ ಆಗುವುದಿಲ್ಲ ಅಂದರಂತೆ. ಪ್ರಾಜೆಕ್ಟಿನಿಂದ ಹೆಸರು ಹೋದರೆ ಅವನು ಮುಂದಿನ ವರ್ಷ ಮತ್ತೆ ಕೂರಬೇಕು.

೧ ಮಾರ್ಚ್, ಶನಿವಾರ

ನೀತಿಶಾಸ್ತ್ರದ ತರಗತಿಯಲ್ಲೇ ಪ್ರಬಂಧದ ಕರಡು ಹಾಕಿದೆ.

ಕರ್ತವ್ಯದ ದಾರಿ: ಒಪ್ಪಿಕೊಂಡ ಕೆಲಸ ಮಾಡದವನು ಎಲ್ಲರಿಗೂ ಒಂದೇ ಆಗಿರುವ ನಿಯಮ ಮುರಿದಿದ್ದಾನೆ. ಫಲದ ದಾರಿ: ಒಬ್ಬನಿಗೆ ನಷ್ಟ, ಮೂವರಿಗೆ ಲಾಭ, ಮೇಲಿನ ಕೇರಿಯವರಿಗೂ ಸರಿಯಾದ ನಕ್ಷೆ. ಗುಣದ ದಾರಿ: ಸೋಮಾರಿತನವನ್ನು ಸಹಿಸುವುದು ಔದಾರ್ಯವಲ್ಲ, ಹೇಡಿತನ. ಮೂರು ದಾರಿಯೂ ಒಂದೇ ಕಡೆಗೆ ಹೋಗುತ್ತವೆ. ಇಷ್ಟು ಚೆನ್ನಾಗಿ ಕೂಡಿಬರುತ್ತದೆ ಎಂದುಕೊಂಡಿರಲಿಲ್ಲ.

ಮೇಘಳಿಗೆ ಓದಿ ಹೇಳಿದೆ. "ನೀನು ಲಾಯರ್ ಆಗಬೇಕಿತ್ತು" ಎಂದು ನನ್ನ ಜಡೆ ಎಳೆದಳು. ಇಡೀ ಕಾಲೇಜಿನಲ್ಲಿ ನನ್ನ ಜಡೆ ಎಳೆಯುವಷ್ಟು ಸಲಿಗೆ ಇರುವವಳು ಅವಳೊಬ್ಬಳೇ.

ಒಂದೇ ಕೊರತೆ. ಆರೋಪಿಯ ಮಾತು ಕೇಳದೆ ತೀರ್ಪು ಕೊಡುವುದು ಕ್ರಮವಲ್ಲ. ಮುಂದಿನ ಭಾನುವಾರ ನಾನೇ ಕೊಣನೂರಿಗೆ ಹೋಗಿ ಕೇಳಿ ಬರುತ್ತೇನೆ ಎಂದೆ. "ಹೋಗು, ನಿನ್ನ ಸಮಾಧಾನಕ್ಕೆ" ಎಂದಳು.

೯ ಮಾರ್ಚ್, ಭಾನುವಾರ

ಬರೆಯುವುದು ಹೇಳಿದಂತಾಗುವುದಿಲ್ಲ ಎಂದುಕೊಳ್ಳುತ್ತೇನೆ.

ಅರಕಲಗೂಡಿನಲ್ಲಿ ಬಸ್ ಬದಲಿಸಿ ಕೊಣನೂರು ತಲುಪುವಾಗ ಬಿಸಿಲೇರಿತ್ತು. ಅನಿಲನ ತಂದೆ ತಿಮ್ಮಪ್ಪನವರ ಮನೆ ಎಂದರೆ ಎಲ್ಲರಿಗೂ ಗೊತ್ತು. ದೊಡ್ಡ ಮನೆ, ಮುಂದೆ ಟ್ರ್ಯಾಕ್ಟರು, ಅಂಗಳದ ತುಂಬ ಶುಂಠಿ ಹರಡಿತ್ತು. ಅವನ ತಾಯಿ ಚಿಕ್ಕಲಕ್ಷ್ಮಮ್ಮ ಬಾಗಿಲಿಗೆ ಬಂದರು.

"ಯಾರವ್ವಾ? ಆಸನದಿಂದ ಬಂದ್ರಾ? ನಮ್ಮ ಅನಿಲನ ಜೊತೇಲಿ ಓದೋರಾ? ಬನ್ನಿ ಬನ್ನಿ, ಒಳೀಕ್ ಬನ್ನಿ. ಬಿಸ್ಲಲ್ಲಿ ಬಂದಿದ್ದೀರಿ, ಮಜ್ಗೆ ಕುಡೀರಿ."

ಅನಿಲ್ ಅಂಗಳದ ಆ ತುದಿಯಲ್ಲಿ ನಮಗೆ ಬೆನ್ನು ಹಾಕಿ ಶುಂಠಿ ಆರಿಸುತ್ತಿದ್ದ. ತಾಯಿ ಅವನನ್ನು ಕೂಗಲಿಲ್ಲ. ಅಷ್ಟು ದೂರ ನಡೆದುಹೋಗಿ ಹೆಗಲು ಮುಟ್ಟಿದರು. ಅವನು ತಿರುಗಿದ ಮೇಲೆ ಬಾಯಿ ದೊಡ್ಡದಾಗಿ ತೆರೆದು "ಕಾಲೇಜಿಂದ ಬಂದವ್ರೆ" ಎಂದರು. ನನಗೆ ಅದು ವಿಚಿತ್ರವಾಗಿ ಕಂಡಿತು, ಅಷ್ಟೆ.

ಜಗುಲಿಯ ಮೇಲೆ ಎದುರು ಬದುರು ಕೂತು ಸಹಿಯ ವಿಷಯ ಹೇಳಿದೆ. ಅವನು ನನ್ನ ಬಾಯನ್ನೇ ನೋಡುತ್ತಿದ್ದ. ನನಗೆ ಮುಜುಗರವಾಗಿ ಮುಖ ಆಚೆ ತಿರುಗಿಸಿ, ಫೋನಿನಲ್ಲಿ ಆಯ್ತು ಅಂದವರು ಯಾಕೆ ಬರಲಿಲ್ಲ ಎಂದು ಕೇಳಿದೆ. ಉತ್ತರವಿಲ್ಲ. ತಿರುಗಿ ನೋಡಿದರೆ ಅವನು ಹಾಗೇ ಕಾಯುತ್ತಿದ್ದ, ನಾನು ಇನ್ನೂ ಏನೂ ಕೇಳಿಯೇ ಇಲ್ಲವೆಂಬಂತೆ.

ದಿಬ್ಬದ ಈಚೆಯಿಂದ ವಂಶಿ ಕೂಗಿದ್ದು ನೆನಪಾಯಿತು.

"ಅನಿಲ್, ನಿಮಗೆ ಕೇಳಿಸಲ್ವಾ?"

 ಅವನು ಮೆಲ್ಲಗೆ ಹೇಳತೊಡಗಿದ. "ಎಡಗಿವಿ ಚಿಕ್ಕಂದ್ರಲ್ಲೇ ಓಯ್ತು. ಸೋರ್ತಿತ್ತು, ಎಣ್ಣೆ ಬುಟ್ಕಂಡು ಸುಮ್ಕಾದ್ವಿ. ಈಗ ಒಂದೊರ್ಸದಿಂದ ಬಲಗಿವೀನೂ ಓಯ್ತಾ ಅದೆ. ಮೈಸೂರ್ಗೋಗಿ ತೋರ್ಸಿದ್ವಿ, ಕಿವಿ ಮಿಷನ್ ಕೊಟ್ಟವ್ರೆ. ಅದನ್ನ ಆಕ್ಕಂಡ್ರೆ ಎಲ್ರೂ ಅದನ್ನೇ ನೋಡ್ತರೆ, ಟ್ರಂಕಲ್ಲಿಟ್ಟಿವ್ನಿ. ಅವತ್ತು ಬೈಸ್ಕಂಡ್ಮೇಲೆ ಕಾಲೇಜ್ಗೆ ಬರಾಕೇ ಮನ್ಸಾಗ್ನಿಲ್ಲ. ಫೋನಲ್ಲಿ ಮೇಘಶ್ರೀ ಏನಂದ್ರೋ ನಂಗೆ ಒಂದೂ ಗೊತ್ತಾಗ್ನಿಲ್ಲ. ಆಯ್ತು ಅಂದೆ."

"ಹೇಳಿಬಿಡಬಹುದಲ್ಲ. ಹೇಳಿದರೆ ಯಾರು ಏನು ಮಾಡ್ತಾರೆ?"

"ನಮ್ಮ ತಾತ ಬೈರಯ್ಯ ಅಂತ. ಊರ್ಗೇ ನ್ಯಾಯ ಏಳ್ತಿದ್ದ ಮನ್ಸ. ಕಿವಿ ಓದ್ಮೇಲೆ ಅವ್ನನ್ನ ಯಾರೂ ಏನೂ ಕೇಳ್ನಿಲ್ಲ. ಉಣ್ಣಾಕ್ ಬಾ ಅಂತ ಕೈ ಮಾಡೋರು, ಮಲಿಕ್ಕೋ ಅಂತ ಕೈ ಮಾಡೋರು. ಸಾಯೋಗಂಟ ಅಷ್ಟೇಯ. ಅಂಗಾಗದು ಬ್ಯಾಡ ನಂಗೆ. ಕಾಲೇಜ್ಗೆ ಬತ್ತೀನಿ, ಕೆಲ್ಸಾನೂ ಮಾಡ್ತೀನಿ. ಯಾರ್ಗೂ ಏಳ್ಬ್ಯಾಡಿ. ಮೇಘಶ್ರೀಗೂ ಬ್ಯಾಡ. ಮಾತ್ ಕೊಡಿ."

"ಕೊಟ್ಟೆ" ಎಂದೆ. ಯೋಚನೆ ಮಾಡಲಿಲ್ಲ. ಅವನ ಮುಖ ಹಾಗಿತ್ತು.

ಬರುವಾಗ ಅವನ ತಾಯಿ ನನ್ನ ಚೀಲಕ್ಕೆ ಶುಂಠಿ ತುಂಬಿದರು. "ಅವ್ನ್ ಮಾತಾಡೋದೇ ಕಮ್ಮಿ ಕಣವ್ವ. ನೀವಾದ್ರೂ ಬಂದ್ರಲ್ಲ" ಎಂದರು.

೧೨ ಮಾರ್ಚ್, ಬುಧವಾರ

ಮೇಘ ಕಾಗದ ಸಿದ್ಧಮಾಡಿ ತಂದಳು. ಅವಳ ಸಹಿ, ವಂಶಿಯ ಸಹಿ ಆಗಿತ್ತು. ನಾನು ಹಾಕುವುದಿಲ್ಲ ಎಂದೆ.

"ಏನಂದ ಅವನು?"

"ಬರ್ತಾನಂತೆ. ಕೆಲಸ ಮಾಡ್ತಾನಂತೆ."

"ಇಷ್ಟು ದಿನ ಯಾಕೆ ಬರಲಿಲ್ಲವಂತೆ?"

"ಹೇಳೋಕಾಗಲ್ಲ ಮೇಘ."

ಅವಳು ನಗಲು ನೋಡಿದಳು. "ನನಗೂ ಹೇಳೋಕಾಗಲ್ವಾ?"  ವಂಶಿ ಮೇಜಿನ ಮೇಲೆ ಕೂತು ಕಾಲು ಆಡಿಸುತ್ತಿದ್ದ. "ಓಹೋ. ಕೊಣನೂರಿಗೆ ಹೋಗಿಬಂದ ಮೇಲೆ ನಮ್ಮ ಲಾಯರಮ್ಮ ಪಾರ್ಟಿ ಬದಲಾಯಿಸಿಬಿಟ್ರು" ಎಂದ. ಅದರ ಅರ್ಥ ನನಗೆ ಆಗಲೇ ಆಗಬೇಕಿತ್ತು. ರೂಮಿಗೆ ಬಂದ ಮೇಲೆ ಆಯಿತು.

ರೂಮಿನಲ್ಲಿ ಮೇಘ ಕೇಳಿದಳು. "ನನ್ನ ರ‍್ಯಾಂಕ್ ಇದರ ಮೇಲೆ ನಿಂತಿದೆ ಅಂತ ನಿನಗೆ ಗೊತ್ತು. ಅವನಿಗೋಸ್ಕರ ಅದನ್ನೂ ಬಿಡ್ತೀಯಾ?"

ಅವನಿಗೋಸ್ಕರ ಎಂಬ ಪದವನ್ನು ಅವಳು ವಂಶಿಯ ಹಾಗೆಯೇ ಎಳೆದಳು.

೧೩ ಮಾರ್ಚ್, ಗುರುವಾರ

ಮೇಘ ಮಾತಾಡುತ್ತಿಲ್ಲ. ಒಂದೇ ರೂಮು, ಒಂದೇ ಕನ್ನಡಿ. ಅವಳು ತಲೆ ಬಾಚಿಕೊಂಡು ಹೋದ ಮೇಲೆ ನಾನು ಹೋಗಿ ನಿಲ್ಲುತ್ತೇನೆ.

೨೨ ಮಾರ್ಚ್, ಶನಿವಾರ

ತರಗತಿ ಮುಗಿದ ಮೇಲೆ ಜಯಲಕ್ಷ್ಮಮ್ಮ ಮೇಡಂ ಹತ್ತಿರ ಹೋದೆ. ಹೆಸರು ಹೇಳದೆ ಕೇಳಿದೆ. ಒಬ್ಬರಿಗೆ ಮಾತು ಕೊಟ್ಟಿದ್ದೇನೆ, ಅದನ್ನು ಉಳಿಸಿಕೊಂಡರೆ ಇನ್ನೊಬ್ಬರು ದೂರವಾಗುತ್ತಾರೆ, ಮುರಿದರೆ ಮೊದಲನೆಯವರು ಕುಸಿಯುತ್ತಾರೆ. ಕರ್ತವ್ಯ ಒಂದು ಹೇಳುತ್ತದೆ, ಫಲ ಒಂದು ಹೇಳುತ್ತದೆ, ಗುಣ ಎರಡನ್ನೂ ಹೇಳುತ್ತದೆ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಮೂರನ್ನೂ ಕೇಳಿದ್ದೀಯ. ಮಾತು ಕೊಟ್ಟೆಯಲ್ಲ, ಅವರನ್ನ ಕೇಳಿದ್ಯಾ?"

"ಏನು ಕೇಳೋದು ಮೇಡಂ?"

"ನನ್ನನ್ನ ಬಿಡಿಸು ಅಂತ. ಮಾತು ಅನ್ನೋದು ಒಬ್ಬರೇ ಹೊರೋ ಮೂಟೆ ಅಲ್ಲಮ್ಮ. ತಗೊಂಡವರೂ ಒಂದು ಕೈ ಹಿಡ್ಕೋಬೇಕು."

ಅನಿಲನನ್ನು ಕೇಳುವುದು ಹೇಗೆ? ಈಗ ತಾನೇ ದಿನಾ ಕಾಲೇಜಿಗೆ ಬರುತ್ತಿದ್ದಾನೆ. ಹಿಂದಿನ ಬೆಂಚು ಬಿಟ್ಟು ಮುಂದೆ ಕೂರುತ್ತಾನೆ. ಅವನು ಅಲ್ಲಿ ಕೂತದ್ದಕ್ಕೂ ಹುಡುಗರು ನನ್ನ ಕಡೆ ನೋಡಿ ಕೆಮ್ಮುತ್ತಾರೆ.

೩೦ ಮಾರ್ಚ್, ಭಾನುವಾರ

ಹಾಳಾದ ಅಳತೆಯನ್ನು ಮತ್ತೆ ಮಾಡಬೇಕಿತ್ತು. ಮೇಘ, ವಂಶಿ ಬರುವುದಿಲ್ಲ ಎಂದರು. ನಾನು, ಅನಿಲ್ ಇಬ್ಬರೇ ಹೋದೆವು.

ಯಂತ್ರ ನಾನು ನೋಡಿದೆ. ಕೂಗಲೇ ಇಲ್ಲ. ಕೈ ಎತ್ತಿದರೆ ನಿಲ್ಲು, ಅಡ್ಡ ಬೀಸಿದರೆ ಮುಂದೆ ಹೋಗು, ಟವೆಲ್ ಆಡಿಸಿದರೆ ಕೋಲು ನೆಟ್ಟಗೆ ಮಾಡು. ಹೊಲ, ದಿಬ್ಬ, ಕಾಲುವೆ ದಾಟಿ ಮೇಲಿನ ಕೇರಿಯವರೆಗೂ ಒಂದು ಮಾತಿಲ್ಲದೆ ಹೋದೆವು. ಲೆಕ್ಕ ಕೂಡಿಸಿದರೆ ಕೂದಲೆಳೆಯಷ್ಟೂ ತಪ್ಪಿಲ್ಲ. ಮೇಲಿನ ಕೇರಿಯ ಹೆಂಗಸೊಬ್ಬಳು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನಿಂತು ನೋಡಿ, "ನಿಮ್ಮಿಬ್ರಿಗೂ ಮಾತ್ ಬರಾಕಿಲ್ವಾ?" ಎಂದು ಕೇಳಿದಳು. ಅನಿಲ್ ಅವಳ ಬಾಯಿ ನೋಡಿ ಗಟ್ಟಿಯಾಗಿ ನಕ್ಕ. ಅವನು ಹಾಗೆ ನಗುವುದನ್ನು ನಾನು ಕಂಡಿದ್ದು ಅದೇ ಮೊದಲು.

ಬಿಡಿಸು ಎಂದು ಕೇಳಬೇಕೆಂದಿದ್ದೆ. ಇವತ್ತು ಬೇಡವೆನಿಸಿತು.

೨ ಏಪ್ರಿಲ್, ಯುಗಾದಿ, ಹೊಳೆನರಸೀಪುರ

ಅಪ್ಪ ದೇವಸ್ಥಾನದ ಪೂಜೆಗೆ ಹೋಗಿದ್ದರು. ಅಮ್ಮ ಒಬ್ಬಟ್ಟು ಬೇಯಿಸುತ್ತಿದ್ದಳು. ಅಣ್ಣ ಸಂಪತ್ಕುಮಾರ ನನ್ನನ್ನು ಹಿತ್ತಲಿಗೆ ಕರೆದ.

"ಯಾರೇ ಅವನು?"

ನನಗೆ ಅರ್ಥವಾಯಿತು. ಆದರೂ "ಯಾರು?" ಎಂದೆ.

"ನಮ್ಮ ಆಫೀಸಿನ ತಮ್ಮಯ್ಯ ನೋಡಿದಾನೆ. ಭಾನುವಾರ ಮೊಸಳೆ ಹತ್ರ ಹೊಲದಲ್ಲಿ ಒಬ್ಬ ಹುಡುಗನ ಜೊತೆ ಕೈಸನ್ನೆ ಮಾಡ್ಕೊಂಡು ಓಡಾಡ್ತಿದ್ದೆಯಂತೆ. ಹೋದ ತಿಂಗಳು ಕೊಣನೂರಿಗೂ ಹೋಗಿದ್ದೆಯಂತೆ. ಕಾಲೇಜಲ್ಲೂ ಮಾತು ಇದೆಯಂತಲ್ಲ."

"ಪ್ರಾಜೆಕ್ಟ್ ಕೆಲಸ ಅಣ್ಣ. ಕೋಲು ಹಿಡಿದವರಿಗೆ ದೂರದಿಂದ ಕೈಸನ್ನೆಯೇ ಮಾಡೋದು."

"ಮಿಕ್ಕಿಬ್ಬರು ಎಲ್ಲಿದ್ರು? ಅವನ ಮನೆಗೆ ಯಾಕೆ ಹೋಗಿದ್ದೆ?"

ಒಂದು ವಾಕ್ಯ ಸಾಕಿತ್ತು. ಅವನಿಗೆ ಕಿವಿ ಕೇಳುವುದಿಲ್ಲ, ಅದಕ್ಕೆ. ಅಣ್ಣ ಕೆಟ್ಟವನಲ್ಲ, ತಕ್ಷಣ ಅರ್ಥಮಾಡಿಕೊಳ್ಳುತ್ತಿದ್ದ. ಆದರೆ ಅವನು ತಮ್ಮಯ್ಯನಿಗೆ ಹೇಳದೆ ಇರುತ್ತಿರಲಿಲ್ಲ, ನನ್ನ ಮಾನ ಉಳಿಸುವುದಕ್ಕೇ ಹೇಳುತ್ತಿದ್ದ.

"ಆಯ್ತು. ರೂಮ್ ಬಿಟ್ಟುಬಿಡು. ದಿನಾ ರೈಲಲ್ಲಿ ಹೋಗಿ ಬಾ. ಅಪ್ಪನಿಗೆ ನಾನೇನೂ ಹೇಳಲ್ಲ" ಎಂದ. ಅಮ್ಮ ಒಳಗಿನಿಂದ ಬಿಸಿ ಇದ್ದಾಗಲೇ ತಿನ್ನಿ ಬನ್ನಿ ಎಂದು ಕರೆಯುತ್ತಿದ್ದಳು. ಇಬ್ಬರೂ ಹೋಗಿ ಕೂತು ತಿಂದೆವು.

೯ ಏಪ್ರಿಲ್, ಬುಧವಾರ

ಯುಗಾದಿ ಮುಗಿಸಿ ಬಂದ ದಿನವೇ ರೂಮ್ ಖಾಲಿ ಮಾಡಿದೆ. ಮೇಘ ಬೆಡ್ಡಿನ ಮೇಲೆ ಕೂತು ಓದುತ್ತಿದ್ದಳು, ತಲೆ ಎತ್ತಲಿಲ್ಲ. ಬಾಗಿಲ ಹತ್ತಿರ ಹೋದಾಗ "ಬಕೆಟ್ ನಿನ್ನದು" ಎಂದಳು. ಅದನ್ನು ಇಬ್ಬರೂ ಸೇರಿ ಕೊಂಡದ್ದು. ಅಲ್ಲೇ ಬಿಟ್ಟು ಬಂದೆ.

ಬೆಳಗಿನ ರೈಲಿನಲ್ಲಿ ಕಿಟಕಿ ಸಿಗುತ್ತದೆ. ಮಾವಿನಕೆರೆ ಬರುವವರೆಗೆ ಹೊರಗೆ ನೋಡುತ್ತೇನೆ. ಆಮೇಲೂ ನೋಡುತ್ತೇನೆ. ಇಡೀ ದಿನದಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಹಾಜರಿ ಕೂಗುವವರಷ್ಟೇ.

೧೯ ಏಪ್ರಿಲ್, ಶನಿವಾರ

ಇವತ್ತು ಕೇಳಿದೆ. ಲೈಬ್ರರಿಯ ಹೊರಗೆ, ಅವನ ಎದುರು ನಿಂತು.

"ಅನಿಲ್, ನೀವು ನನ್ನನ್ನ ಆ ಮಾತಿಂದ ಬಿಡಿಸ್ತೀರಾ? ಮೇಘಶ್ರೀ ಒಬ್ಬಳಿಗೆ ಹೇಳ್ತೀನಿ."

ಅವನು ಹಿಂದಕ್ಕೆ ಸರಿದ. "ಕೊಟ್ಟಿದ್ರಲ್ಲ."

"ಕೊಟ್ಟಿದ್ದೀನಿ. ಮುರಿದಿಲ್ಲ. ಕೇಳ್ತಾ ಇದೀನಿ."

"ನಿಮ್ಗೇನ್ ಕಷ್ಟ ಇದ್ರಲ್ಲಿ? ಕಿವಿ ಓಗಿರೋದು ನಂದು."

ಏನು ಕಷ್ಟ ಎಂದು ಹೇಳಬಹುದಿತ್ತು. ರೂಮು, ಅಣ್ಣ, ರೈಲು, ಕೆಮ್ಮುವ ಹುಡುಗರು. ಅವನಿಗೆ ಅದು ಯಾವುದೂ ಗೊತ್ತಿಲ್ಲ. ಹಿಂದಿನಿಂದ ಆಡುವ ಮಾತು ಅವನಿಗೆ ಕೇಳಿಸುವುದೇ ಇಲ್ಲ.  ಒಂದೇ ಮಾತು ಹೇಳಿದೆ. "ನನ್ನ ಜೊತೆ ಯಾರೂ ಮಾತಾಡ್ತಿಲ್ಲ ಅನಿಲ್."

ಅವನು ನನ್ನ ಬಾಯಿಂದ ಕಣ್ಣು ತೆಗೆದು ಮುಖ ನೋಡಿದ. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಈಗ ಮಾತಾಡಲು ಅವನೂ ಇಲ್ಲ.

೬ ಮೇ, ಮಂಗಳವಾರ

ವರದಿಯ ಟೈಪಿಂಗ್. ನಾಲ್ವರೂ ಒಂದೇ ಕೋಣೆಯಲ್ಲಿ, ನಾಲ್ಕು ದಿಕ್ಕಿಗೆ. ನನ್ನ ಪುಟ ತಪ್ಪಿದರೆ ವಂಶಿ ಮೂಲಕ ಹೇಳಿ ಕಳಿಸುತ್ತಾಳೆ ಮೇಘ. ಅನಿಲನಿಗೆ ಮಾತ್ರ ನೇರ ಹೇಳುತ್ತಾಳೆ, ಅದೂ ಬೆನ್ನ ಹಿಂದಿನಿಂದ, ಅವನು ತಿರುಗದಿದ್ದಾಗ "ದನಕ್ಕೆ ಹೇಳಿದ ಹಾಗೆ" ಎನ್ನುತ್ತಾಳೆ. ನಾನು ಎದ್ದುಹೋಗಿ ಅವನ ಎದುರಿನ ಮೇಜು ತಟ್ಟುತ್ತೇನೆ. ಎಲ್ಲರೂ ನೋಡುತ್ತಾರೆ.

ಇವತ್ತು ಮೇಡಂಗೆ ಪ್ರಬಂಧ ಕೊಡಬೇಕಿತ್ತು. ನಾನು ಬರೆದಿಲ್ಲ ಎಂದೆ. "ಕೇಳಿದ್ಯಾ?" ಎಂದರು. ಕೇಳಿದೆ ಎಂದೆ. ಹೆಚ್ಚಿಗೆ ಕೆದಕಲಿಲ್ಲ.

೧೨ ಜೂನ್, ಗುರುವಾರ

ವೈವಾ ಮುಗಿಯಿತು. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮೈಸೂರಿನಿಂದ ಬಂದ ಪರೀಕ್ಷಕರು ಗಲ್ಲಕ್ಕೆ ಕೈ ಊರಿ, ಬೆರಳು ಬಾಯಿಗೆ ಅಡ್ಡ ಇಟ್ಟುಕೊಂಡು ಮಾತಾಡುವವರು. ಮೇಘ ಚೆನ್ನಾಗಿ ಹೇಳಿದಳು. ವಂಶಿ ಹೇಗೋ ದಾಟಿದ. ಅನಿಲನನ್ನು ಪೈಪಿನ ಅಗಲ ಹೇಗೆ ನಿರ್ಧಾರ ಮಾಡಿದಿರಿ ಎಂದು ಕೇಳಿದರು. ಅವನು ಟ್ಯಾಂಕಿನ ಎತ್ತರ ಹೇಳಿದ. ಮತ್ತೆ ಕೇಳಿದರು. ಮತ್ತೆ ಟ್ಯಾಂಕಿನ ಎತ್ತರವನ್ನೇ ಹೇಳಿದ. ವಂಶಿ ತಲೆ ತಗ್ಗಿಸಿ ನಕ್ಕ. ಕೃಷ್ಣಪ್ಪ ಸರ್ ಸೀಲಿಂಗ್ ನೋಡಿದರು. "ಕೆಲಸ ಮಾಡಿದ್ದು ನೀವೇನಾ?" ಎಂದರು ಪರೀಕ್ಷಕರು.

ನಾನು ಬಾಯಿ ತೆರೆದೆ. ಏನು ಹೇಳಲು ಹೊರಟಿದ್ದೆನೋ ನನಗೇ ತಿಳಿಯದು. ಅಷ್ಟರಲ್ಲಿ ಅನಿಲ್ ಕುರ್ಚಿಯಿಂದ ಎದ್ದು ನಿಂತ.

"ಸಾರ್, ನಂಗೆ ಕಿವಿ ಕೇಳ್ಸಲ್ಲ. ಒಂದು ಪೂರ್ತಿ ಹೋಗಿದೆ, ಇನ್ನೊಂದು ಹೋಗ್ತಾ ಇದೆ. ಕೈ ತೆಗೆದು, ನನ್ನ ಕಡೆ ನೋಡ್ಕೊಂಡು ಕೇಳಿ. ಹೇಳ್ತೀನಿ."

 ಪರೀಕ್ಷಕರು ಕೈ ತೆಗೆದರು. ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿಕೊಂಡರು. ಮತ್ತೆ ಕೇಳಿದರು. ಅನಿಲ್ ಬೋರ್ಡಿನ ಹತ್ತಿರ ಹೋಗಿ ಕೇರಿಯ ಏರನ್ನೂ ಪೈಪನ್ನೂ ಗೀಚಿ ತೋರಿಸಿದ. ಅವರು ಇನ್ನೊಂದು ಕೇಳಿದರು, ಅದಕ್ಕೂ ಹೇಳಿದ. ಮತ್ತೊಂದು. ನಮ್ಮನ್ನೆಲ್ಲ ಕೇಳಿದ್ದಕ್ಕಿಂತ ಹೆಚ್ಚು ಅವನನ್ನೇ ಕೇಳಿದರು. ಬೆವರುತ್ತಿದ್ದ, ಆದರೆ ಬೋರ್ಡ್ ಬಿಟ್ಟು ಬರಲು ಮನಸ್ಸಿಲ್ಲದವನ ಹಾಗೆ ನಿಂತಿದ್ದ.

ನಾನು ಮೇಘಶ್ರೀಯನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಸಂಜೆ ಬಸ್ ಸ್ಟ್ಯಾಂಡಿನ ಎದುರಿನ ರಸ್ತೆಯಲ್ಲಿ ಅನಿಲ್ ಹೋಗುತ್ತಿದ್ದ. ಓಡಿಹೋಗಿ ಹಿಂದಿನಿಂದ "ಅನಿಲ್, ಅನಿಲ್" ಎಂದು ಕೂಗಿದೆ. ಅವನು ಅರಕಲಗೂಡು ಬಸ್ ಹತ್ತಿ ಕೂತ. ಬಸ್ ಹೊರಟ ಮೇಲೆ ನನಗೆ ಹೊಳೆಯಿತು.

೧೪ ಜೂನ್, ಶನಿವಾರ

ಮೇಘ ಸ್ಟೇಷನ್ನಿಗೆ ಬಂದಳು. ನಾನು ಪ್ಲಾಟ್‌ಫಾರಮ್ಮಿನ ಕೊನೆಯ ಬೆಂಚಿನಲ್ಲಿದ್ದೆ. ಪಕ್ಕದಲ್ಲಿ ಕೂರಲಿಲ್ಲ, ಎದುರು ನಿಂತಳು.

"ನಿನಗೆ ಮಾರ್ಚಿನಿಂದ ಗೊತ್ತಿತ್ತು."

"ಮಾತು ಕೊಟ್ಟಿದ್ದೆ."

"ಅವನಿಗೆ. ನನ್ನ ಬಗ್ಗೆ ಏನು ಅಂದ್ಕೊಂಡಿದ್ದೆ? ನಾನು ಅವನನ್ನ ದನ ಅಂದೆ. ಬೆನ್ನ ಹಿಂದೆ ನಿಂತು ಅಂದೆ. ನೀನು ಅಲ್ಲೇ ಕೂತಿದ್ದೆ. ನೀನು ಒಳ್ಳೆಯವಳಾಗೋಕೆ ನಾನು ಅಷ್ಟು ಕೆಟ್ಟವಳಾಗಬೇಕಿತ್ತಾ?"

"ಹೇಳಿದ್ರೆ ನೀನು ಸಹಿ ವಾಪಸ್ ತಗೋತಿದ್ಯಾ?"

"ಗೊತ್ತಿಲ್ಲ ಕಣೇ." ಅವಳ ಧ್ವನಿ ಒಡೆಯಿತು. "ಗೊತ್ತಿಲ್ಲ. ಅದನ್ನ ನೋಡ್ಕೊಳ್ಳೋಕೆ ನನಗೆ ಬಿಡ್ಲೇ ಇಲ್ಲ ನೀನು."

ನನ್ನ ಹತ್ತಿರ ಉತ್ತರ ಇತ್ತು. ನಾನು ಅನಿಲನನ್ನು ಕೇಳಿದ್ದೆ, ಅವನು ಒಪ್ಪಲಿಲ್ಲ, ನನ್ನ ಮೇಲೂ ಮಾತು ಬಂತು, ರೂಮ್ ಬಿಟ್ಟೆ. ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಅವಳು ಅಳುತ್ತಿದ್ದಳು. ಹೇಳಲಿಲ್ಲ. ರೈಲು ಬಂತು. ಅದು ಹೊರಡುವ ಮೊದಲೇ ಅವಳು ಹೊರಟುಹೋದಳು.

೧೮ ಜೂನ್, ಬುಧವಾರ

ಅಣ್ಣನಿಗೆ ವಂಶಿಯೇ ಎಲ್ಲೋ ಸಿಕ್ಕಿ ಎಲ್ಲ ಹೇಳಿದನಂತೆ. ಅಣ್ಣ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಹೇಳಬಾರದಿತ್ತೇನೇ ರಂಗು?" ಎಂದ. ಹೇಳಬಾರದಿತ್ತು ಎಂದೆ. ಅವನು ಹೊರಟುಹೋದ. ಬೇಜಾರು ಯಾರದ್ದು ಯಾರ ಮೇಲೆ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

೨೯ ಜೂನ್, ಭಾನುವಾರ

ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಬಾ ಎಂದು ಯಾರೂ ಕರೆದಿರಲಿಲ್ಲ. ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಲು ನೋಡಿದೆ, ಏನೂ ಕೂಡಿಬರಲಿಲ್ಲ. ಇಳಿದು ಮಾರ್ಕೆಟ್ ದಾಟಿ ಅವರ ಮನೆ ಕೇಳಿಕೊಂಡು ನಡೆದೆ.

ಮೇಘಳ ತಾಯಿ ಬಾಗಿಲು ತೆರೆದು, "ರಂಗನಾಯಕಿ ಅಲ್ವಾ? ಎಷ್ಟು ಸಣ್ಣ ಆಗಿದ್ದೀಯಲ್ಲವ್ವಾ" ಎಂದು ನೇರ ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಮೇಘ ನೆಲದ ಮೇಲೆ ಗೋಣಿ ಹಾಸಿಕೊಂಡು ಹಲಸಿನ ಹಣ್ಣು ಬಿಡಿಸುತ್ತಿದ್ದಳು. ಮೊಣಕೈವರೆಗೂ ಅಂಟು. ನನ್ನನ್ನು ನೋಡಿದಳು, ಕೈ ನಿಲ್ಲಲಿಲ್ಲ. ಅವಳ ತಾಯಿ ಕಾಫಿಗೆ ಇಡುತ್ತೇನೆ ಎಂದು ಒಳಗೆ ಹೋದರು.

ನಾನು ನಿಂತೇ ಇದ್ದೆ. ಅವಳು ತೊಳೆ ಬಿಡಿಸುತ್ತ ಹೋದಳು, ಬೀಜ ಒಂದು ಕಡೆ, ತೊಳೆ ಒಂದು ಕಡೆ. ನಾನು "ಮೇಘ, ನೀನು ಹೇಳಿದ್ದು ಸರಿ" ಎಂದೆ. ಅವಳು ತಲೆ ಎತ್ತಲಿಲ್ಲ. "ಅವನು ನಂಗೆ ಕಾಗದ ಬರೆದಿದ್ದ" ಎಂದಳು. "ಸಿಟ್ಟಿಲ್ಲ ಅಂತ. ಅದನ್ನ ಓದಿದ್ರೆ ಇನ್ನೂ ಕಷ್ಟ ಆಗತ್ತೆ."

"ಹೂಂ" ಎಂದೆ.

 ಪಕ್ಕದ ಮನೆಯ ರೇಡಿಯೋ ಕೇಳಿಸುತ್ತಿತ್ತು. ವಾಪಸ್ ಹೋಗುವ ಬಸ್ ಎಷ್ಟು ಹೊತ್ತಿಗೋ ಏನೋ ಎಂದುಕೊಂಡೆ. ಕಾಲು ನೋಯುತ್ತಿತ್ತು.

ಅವಳು ಗೋಣಿಯ ಮೇಲೆ ಸ್ವಲ್ಪ ಆಚೆಗೆ ಸರಿದಳು. ಎಣ್ಣೆಯ ಬಟ್ಟಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು.

"ಕೈಗೆ ಎಣ್ಣೆ ಹಚ್ಕೋ, ಅಂಟತ್ತೆ" ಎಂದಳು.